ಪಟ್ಟಿಯಲ್ಲಿ ಮೂರು ಖಾಲಿ ವರ್ಷಗಳು

2025 ನವೆಂಬರ್ 18, ಮಂಗಳವಾರ

ಬೆಳಿಗ್ಗೆಯಿಂದ ಒಂದೇ ಕೆಲಸ: ನನ್ನ ಪ್ರಕಟಣೆಗಳ ಪಟ್ಟಿಯನ್ನು ಮೌಲ್ಯಮಾಪನದ ನಮೂನೆಗೆ ಇಳಿಸುವುದು. ವರ್ಷ, ಲೇಖಕರ ಕ್ರಮ, ಪತ್ರಿಕೆಯ ಹೆಸರು, ಪುಟ ಸಂಖ್ಯೆ, ಎಲ್ಲವೂ ಸಲೀಸಾಗಿ ಸಾಗಿತು. ಕೊನೆಯ ಅಂಕಣಕ್ಕೆ ಬಂದಾಗ ಕೈ ನಿಂತಿತು. ‘ಕ್ಷೇತ್ರ’ ಎಂದು ಅದರ ತಲೆಬರಹ. ಸೂಕ್ಷ್ಮಜೀವಿ ಪರಿಸರವಿಜ್ಞಾನ ಅಥವಾ ಜೀವಕೋಶ ವಿಜ್ಞಾನ. ಒಂದು ಪ್ರಬಂಧಕ್ಕೆ ಒಂದೇ ಗುರುತು.

ಹಳೆಯ ಪ್ರಬಂಧಗಳಲ್ಲಿ ಗೊಂದಲವಿರಲಿಲ್ಲ. ಕೆಸರಿನಲ್ಲಿ ಯಾವ ಜೀವಿಗಳಿವೆ, ಎಷ್ಟಿವೆ, ಗಂಧಕವನ್ನು ಯಾವುದು ಬಳಸಿಕೊಳ್ಳುತ್ತದೆ ಎಂದು ಕೇಳಿದವೆಲ್ಲ ಮೊದಲನೆಯದಕ್ಕೆ ಹೋದವು. ಈಚಿನ ಕೆಲವು, ಒಂದೇ ಕೋಶದ ಪೊರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದವು, ಎರಡನೆಯದಕ್ಕೆ. ನಡುವೆ 2018ರಿಂದ 2020ರವರೆಗೆ ಒಂದು ಸಾಲೂ ಇಲ್ಲ. ‘ಪ್ರಕಟಣೆ ಇಲ್ಲದ ಅವಧಿಗೆ ಕಾರಣ ತಿಳಿಸಿ’ ಎಂಬ ಪುಟ್ಟ ಚೌಕ ಅದಕ್ಕಾಗಿಯೇ ಇದೆ.

ಆ ಮೂರು ವರ್ಷ ನಾನು ಎರಡು ಜೀವಿಗಳನ್ನು ಒಂದೇ ನಳಿಕೆಯಲ್ಲಿ ಬೆಳೆಸುವುದನ್ನು ಕಲಿಯುತ್ತಿದ್ದೆ. ಒಂದು ಬ್ಯಾಕ್ಟೀರಿಯಾ ಕೊಬ್ಬಿನ ಆಮ್ಲವನ್ನು ಒಡೆದು ಹೈಡ್ರೋಜನ್ ಬಿಡುತ್ತದೆ. ಆ ಹೈಡ್ರೋಜನ್ ಅಲ್ಲೇ ಸೇರುತ್ತಾ ಹೋದರೆ ಅದರ ಊಟವೇ ನಿಂತುಹೋಗುತ್ತದೆ, ಏಕೆಂದರೆ ಆ ಕ್ರಿಯೆಯಿಂದ ಶಕ್ತಿ ಸಿಗುವುದಿಲ್ಲ. ಪಕ್ಕದಲ್ಲಿರುವ ಮೀಥೇನ್ ತಯಾರಿಸುವ ಆರ್ಕಿಯಾ (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಬಳಗದ ಏಕಕೋಶ ಜೀವಿ) ಹೈಡ್ರೋಜನ್ನನ್ನು ಹೀರಿಕೊಂಡರೆ ಮಾತ್ರ ಎರಡಕ್ಕೂ ಬದುಕು. ಆಮ್ಲಜನಕ ಸೋಕಿದರೆ ಆರ್ಕಿಯಾ ಸೊರಗುತ್ತದೆ. ಇಷ್ಟೆಲ್ಲ ಜೋಪಾನ ಮಾಡಿ, ವಾರಗಟ್ಟಲೆ ಕಾದು, ಸೂಕ್ಷ್ಮದರ್ಶಕಕ್ಕೆಂದು ರಾಸಾಯನಿಕ ಹಾಕಿ ಸ್ಥಿರಗೊಳಿಸಿದರೆ ಅಂಟಿಕೊಂಡಿದ್ದ ಕೋಶಗಳು ಬಿಡಿಬಿಡಿಯಾಗಿ ಚದುರುತ್ತಿದ್ದವು. ನಾನು ನೋಡಬೇಕಿದ್ದದ್ದು ಆ ಅಂಟನ್ನೇ. ನೆರೆಯ ಜೀವಿ ದೂರವಾದರೆ ಕೋಶದ ಆಕಾರವನ್ನು ವಿವರಿಸಲು ನನ್ನ ಬಳಿ ಏನೂ ಉಳಿಯುತ್ತಿರಲಿಲ್ಲ. ಇದು ಪರಿಸರವಿಜ್ಞಾನವೋ ಕೋಶ ವಿಜ್ಞಾನವೋ? ಕೆಲಸ ಮಾಡುವಾಗ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

ಅಂಥ ದಿನಗಳಲ್ಲಿಯೇ, 2019ರ ಆಗಸ್ಟ್‌ನಲ್ಲಿ, ಜಪಾನಿನ ಹಿರೊಯುಕಿ ಇಮಾಚಿ, ಮಸಾರು ನೊಬು ಮತ್ತು ಸಂಗಡಿಗರ ಪ್ರಬಂಧದ ಕರಡು ಅಂತರ್ಜಾಲಕ್ಕೆ ಬಂತು. ಮರುವರ್ಷ ಅದು ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಇವತ್ತು ಮತ್ತೆ ತೆಗೆದು ಓದಿದೆ. 2006ರಲ್ಲಿ ಶಿಂಕಾಯ್ 6500 ಎಂಬ ಜಲಾಂತರ ನೌಕೆ ಸಮುದ್ರದ 2,533 ಮೀಟರ್ ಆಳದಿಂದ ಕೆಸರು ತಂದಿತು. ಅದನ್ನು ಮೀಥೇನ್ ಹಾಯಿಸುವ ಪಾತ್ರೆಯೊಂದರಲ್ಲಿ 2,000ಕ್ಕೂ ಹೆಚ್ಚು ದಿನ ಸಾಕಿದರು. ಅಲ್ಲಿಂದ ಚೂರುಚೂರನ್ನು ಗಾಜಿನ ನಳಿಕೆಗಳಿಗೆ ಹಾಕಿ, ಅಮೈನೋ ಆಮ್ಲದ ಆಹಾರವನ್ನೂ ನಾಲ್ಕು ಪ್ರತಿಜೀವಕಗಳನ್ನೂ ಕೊಟ್ಟು, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರು. ಸುಮಾರು ಒಂದು ವರ್ಷದ ನಂತರ ಒಂದು ನಳಿಕೆಯ ದ್ರವ ತುಸು ಮಬ್ಬಾಯಿತು. ಆ ತುಸು ಮಬ್ಬನ್ನು ಯಾರೋ ಗಮನಿಸಿದರಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಒಳ್ಳೆಯ ಆಹಾರ ಸಿಕ್ಕರೆ ಇ. ಕೋಲೈ ಬ್ಯಾಕ್ಟೀರಿಯಾ 20 ನಿಮಿಷಗಳಲ್ಲಿ ಇಮ್ಮಡಿಸುತ್ತದೆ. ಆ ಮಬ್ಬಿನಲ್ಲಿದ್ದ ಜೀವಿಗೆ 14ರಿಂದ 25 ದಿನ ಬೇಕು. ಕೆಸರಿನಿಂದ ಶುದ್ಧ ಜೋಡಿಯವರೆಗೆ ಒಟ್ಟು 12 ವರ್ಷ! ಸಿಕ್ಕಿದ್ದು ಸುಮಾರು 550 ನ್ಯಾನೋಮೀಟರ್ ಅಗಲದ ಗುಂಡನೆಯ ಆರ್ಕಿಯಾ. ಅದರ ಮೈಯಿಂದ ಉದ್ದನೆಯ, ಕವಲೊಡೆದ ತೋಳುಗಳು ಹೊರಟಿದ್ದವು. ಅದೂ ಒಂಟಿಯಾಗಿರಲಿಲ್ಲ, ಮೀಥೇನ್ ತಯಾರಕ ಜೀವಿಯೊಂದಿಗೇ ಬೆಳೆಯುತ್ತಿತ್ತು. 2015ರಲ್ಲಿ ಬೇರೊಂದು ತಂಡದವರು ಆರ್ಕ್ಟಿಕ್ ಕಡಲ ತಳದ ಕೆಸರಿನಿಂದ ಇದರ ಬಳಗದ ಡಿಎನ್‌ಎ ಓದಿ, ನಮ್ಮಂಥ ಸಂಕೀರ್ಣ ಕೋಶಗಳಲ್ಲಿರುವ ಆಕ್ಟಿನ್ ಮೊದಲಾದ ಪ್ರೋಟೀನುಗಳ ವಂಶವಾಹಿಗಳು ಇವುಗಳಲ್ಲಿವೆ ಎಂದು ತೋರಿಸಿದ್ದರು. ಕೋಶವನ್ನು ಮಾತ್ರ ಆಗ ಯಾರೂ ಕಂಡಿರಲಿಲ್ಲ. ಮೊದಲು ಕೆಸರು, ಆಮೇಲೆ ವಂಶವಾಹಿ, ಕಡೆಗೆ ತೋಳುಗಳಿರುವ ಕೋಶ. ಇಮಾಚಿಯವರ ಪ್ರಬಂಧವನ್ನು ನನ್ನ ನಮೂನೆಯ ಯಾವ ಗುರುತಿಗೆ ಸೇರಿಸಲಿ?

ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಅವರ 1967ರ ಪ್ರಬಂಧವೂ ಒಂದೇ ಗುರುತಿನಡಿ ನಿಲ್ಲುವುದಿಲ್ಲ. ನಮ್ಮ ಕೋಶಗಳೊಳಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಒಂದು ಕಾಲಕ್ಕೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು ಎಂದ ಆ ಬರಹವನ್ನು ಸುಮಾರು 15 ಪತ್ರಿಕೆಗಳು ಹಿಂದಿರುಗಿಸಿದ್ದವು. ಅದು ಕೋಶದೊಳಗಿನ ಸಹಬಾಳ್ವೆಯ ಮಾತು. ಕೋಶವನ್ನೂ ಸಹಬಾಳ್ವೆಯನ್ನೂ ಬೇರೆ ಮಾಡಿದರೆ ಅದರಲ್ಲಿ ವಾದವೇ ಉಳಿಯದು.

ಸಂಜೆ ನನ್ನ 2021ರ ಪ್ರಬಂಧಕ್ಕೆ ಬಂದೆ. ಖಾಲಿ ವರ್ಷಗಳ ನಂತರದ ಮೊದಲನೆಯದು ಅದು. ಸಣ್ಣದು, ಹೆಚ್ಚು ಜನ ಓದಿದ್ದಲ್ಲ. ಪಟ್ಟಿಯಲ್ಲಿ ನನಗೆ ಅತಿ ಪ್ರಿಯವಾದದ್ದು ಅದೇ. ಚದುರದೆ, ಒಂದಕ್ಕೊಂದು ಆತುಕೊಂಡ ಎರಡು ಕೋಶಗಳ ಚಿತ್ರ ಅದರಲ್ಲಿದೆ. ಒಂದೇ ಗುರುತು ಹಾಕಲು ಮನಸ್ಸು ಒಪ್ಪಲಿಲ್ಲ. ಎರಡನ್ನೂ ಗುರುತಿಸಲು ಅವಕಾಶ ಕೊಡಿ ಎಂದು ಸಮಿತಿಗೆ ಪತ್ರ ಬರೆದೆ. ಕಾರಣದ ಚೌಕದಲ್ಲಿ ‘ಎರಡು ಜೀವಿಗಳನ್ನು ಬೇರ್ಪಡಿಸದೆ ನೋಡುವ ವಿಧಾನ ರೂಪಿಸುತ್ತಿದ್ದೆ’ ಎಂದು ತುಂಬಿದೆ. ಮೊದಲು ‘ಪ್ರಯೋಗಗಳ ವೈಫಲ್ಯ’ ಎಂದು ಬರೆದಿದ್ದೆ. ಅದನ್ನು ಅಳಿಸಿಹಾಕಿದೆ.

ಸಮಿತಿಯ ಉತ್ತರ ಇನ್ನೂ ಬಂದಿಲ್ಲ. ನಾಳೆ ಬೆಳಿಗ್ಗೆ ಕಲ್ಚರ್‌ಗಳನ್ನು ಹೊಸ ನಳಿಕೆಗಳಿಗೆ ವರ್ಗಾಯಿಸುವ ದಿನ. ನಮೂನೆಯ ಉಳಿದ ಪುಟಗಳು ಅದಾದ ಮೇಲೆ.