ಕೆಳಗೆ ಕೂರಲಾಗದವರ ಯೋಗ ತರಗತಿ

ಜೂನ್ ತಿಂಗಳು ಬಂತೆಂದರೆ ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲ್ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಆ 61 ದಿನ ಗಂಡಸರು ಬಲೆ ಸರಿಪಡಿಸುತ್ತ ಕಾಲ ಕಳೆಯುತ್ತಾರೆ; ಉಳಿದ ತಿಂಗಳುಗಳಲ್ಲಿ ನಸುಕಿಗೇ ಬುಟ್ಟಿ ಹಿಡಿದು ಬಂದರಿಗೆ ಓಡುವ ಹೆಂಗಸರಿಗೂ, ಒಣಮೀನಿನ ವ್ಯಾಪಾರವೊಂದನ್ನು ಬಿಟ್ಟರೆ, ಬೆಳಗಿನ ಹೊತ್ತು ಕೊಂಚ ಬಿಡುವು ಸಿಗುತ್ತದೆ. 2015ರಿಂದ ಆಚರಿಸಿಕೊಂಡು ಬಂದಿರುವ ಅಂತರರಾಷ್ಟ್ರೀಯ ಯೋಗ ದಿನ, ಅಂದರೆ ಜೂನ್ 21, ಈ ಬಿಡುವಿನ ನಡುವೆಯೇ ಬರುತ್ತದೆ. ಹಾಗಿದ್ದರೂ ಆ ದಿನ ಸಭಾಂಗಣಗಳಲ್ಲಿ ಸಾಲಾಗಿ ಚಾಪೆ ಹಾಸಿಕೊಂಡವರ ನಡುವೆ ಮೀನು ಮಾರುವ ಹೆಂಗಸರನ್ನು ನಾನು ಕಂಡದ್ದು ತೀರ ಅಪರೂಪ. ಅವರಿಗೆ ಆಸಕ್ತಿಯಿಲ್ಲ ಎಂದು ಹೇಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಬರಲು ದಾರಿಯಿಲ್ಲದಲ್ಲಿ ಆಸಕ್ತಿಯನ್ನು ಅಳೆಯುವುದು ನ್ಯಾಯವಲ್ಲ.

ಶಾಲೆಯ ನೌಕರಿಯಿಂದ ನಿವೃತ್ತಳಾದ ಮೇಲೆ ಯೋಗ ಕಲಿಸುವುದನ್ನೇ ನನ್ನ ಕೆಲಸವಾಗಿ ಮಾಡಿಕೊಂಡಿದ್ದೇನೆ. ಬಂದರಿನ ಹಿಂಬದಿಯ ಕೇರಿಯಲ್ಲಿರುವ ಸಣ್ಣ ಸಮುದಾಯ ಭವನದಲ್ಲಿ ಒಂದು ತರಗತಿ ನಡೆಸುವುದೆಂದು ಕೇರಿಯ ಹೆಂಗಸರೊಂದಿಗೆ ಮಾತಾಡಿಕೊಂಡಾಗ ಅವರು ಮೊದಲು ಕೇಳಿದ್ದು ಆಸನಗಳ ವಿಷಯವನ್ನಲ್ಲ. ಕಿಟಕಿಗಳನ್ನು ಮುಚ್ಚಬಹುದೇ, ಸೀರೆಯಲ್ಲೇ ಬಂದರೆ ನಡೆಯುತ್ತದೆಯೇ, ಗಂಡಸರು ಬಾಗಿಲಲ್ಲಿ ನಿಂತು ನೋಡುವುದಿಲ್ಲ ತಾನೇ ಎಂದು ಕೇಳಿದರು. ಅಪರಿಚಿತರ ಕಣ್ಣೆದುರು ಅಂಗಾತ ಮಲಗಿ ಶವಾಸನ ಮಾಡುವುದು ಒಬ್ಬ ಹೆಂಗಸಿಗೆ ಎಷ್ಟು ಕಷ್ಟವೆಂಬುದನ್ನು ಯೋಗ ಶಿಬಿರ ನಡೆಸುವ ಪ್ರತಿಯೊಬ್ಬರೂ ಯೋಚಿಸಲೇಬೇಕು. ಗಂಡಸರಿಗೆ ಸಂಜೆ ಬೇರೆ ಹೊತ್ತು ಗೊತ್ತುಮಾಡಿ, ಓಣಿಯ ಕಡೆಯ ಕಿಟಕಿಗಳಿಗೆ ಹಳೆಯ ಸೀರೆಗಳನ್ನು ಕಟ್ಟಿದೆವು.

ತರಗತಿ ನಡೆದ ಬೆಳಿಗ್ಗೆ ಮಳೆ ಜೋರಾಗಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಟೈಲ್ಸ್ ನೆಲ ಬೆವರುತ್ತದೆ. ಅದರ ಮೇಲೆ ಚಾಪೆ ಜಾರುತ್ತದೆ, ಕಾಲೂ ಜಾರುತ್ತದೆ. ಆದ್ದರಿಂದ ನೆಲವನ್ನು ಮತ್ತೆ ಮತ್ತೆ ಒರೆಸಿ, ಭವನದ ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ಹೊರತೆಗೆದು, ಅವುಗಳ ಬೆನ್ನು ಗೋಡೆಗೆ ಒತ್ತಿ ನಿಲ್ಲುವಂತೆ ಸಾಲಾಗಿ ಇಟ್ಟೆವು. ಗೋಡೆಯ ಆಸರೆಯಿಲ್ಲದ ಪ್ಲಾಸ್ಟಿಕ್ ಕುರ್ಚಿ ಒದ್ದೆ ನೆಲದ ಮೇಲೆ ಹಿಂದಕ್ಕೆ ಸರಿದುಬಿಡುತ್ತದೆ.

ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ ಒಳಗೆ ಬಂದವರೇ ಬಾಗಿಲ ಬಳಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಅಕ್ಕೋರೇ, ನಂಗೆ ಕೆಳಗೆ ಕೂತ್ರೆ ಏಳೂಕೆ ಆಗುದಿಲ್ಲ. ನಾ ಇಲ್ಲೇ ಕೂತು ನೋಡ್ತೆ," ಎಂದರು. ಪೇಟೆಯಲ್ಲಿ ತಗ್ಗಿನ ಮಣೆಯ ಮೇಲೆ ಮೊಣಕಾಲು ಮಡಚಿ ಗಂಟೆಗಟ್ಟಲೆ ಕೂತು ಮೀನು ಹೆಚ್ಚಿಕೊಟ್ಟ ಕಾಲುಗಳವು. ಎರಡೂ ಮೊಣಕಾಲು ಊದಿಕೊಂಡಿದ್ದವು. ಇಂಥವರಿಗೆ ಮೊಣಕಾಲು ಮಡಚಿ ಹಿಮ್ಮಡಿಗಳ ಮೇಲೆ ಕೂರುವ ವಜ್ರಾಸನ ಹೇಳಿಕೊಡುವ ಮಾತೇ ಇಲ್ಲ. ಆದರೆ ಬಾಗಿಲಲ್ಲಿ ಕೂತು ನೋಡುವುದು ಅವರ ಪಾಲಿಗೆ ಉಳಿಯಬಾರದೆಂದೇ ಆ ಕುರ್ಚಿಗಳನ್ನು ತಂದಿಟ್ಟದ್ದು. ಅಷ್ಟೇ ಅಲ್ಲ, ಅವರೊಬ್ಬರನ್ನೇ ಕುರ್ಚಿಗೆ ಕಳಿಸಿದರೆ ಅದು ಅಶಕ್ತರ ಜಾಗವೆಂದು ಎಲ್ಲರಿಗೂ ತೋರುತ್ತದೆ. ಹಾಗಾಗಿ ಮೊದಲ ಅರ್ಧ ಗಂಟೆ ಎಲ್ಲರೂ, ಇಪ್ಪತ್ತರ ಹುಡುಗಿಯರೂ ಸೇರಿದಂತೆ, ಕುರ್ಚಿಯ ಮೇಲೆಯೇ ಅಭ್ಯಾಸ ಮಾಡುವುದೆಂದು ಹೇಳಿದೆ.

ಕುರ್ಚಿಯ ಮೇಲೆ ಮಾಡುವುದು ಯೋಗವೇ ಎಂದು ಕೇಳುವವರು ನಮ್ಮ ನಾಡಿನಲ್ಲಿ ಇರಬಾರದು. ಆಸನಗಳಿಗೆ ಕುರ್ಚಿ, ಹಗ್ಗ, ಪಟ್ಟಿ, ಮರದ ದಿಮ್ಮಿಗಳ ಆಸರೆಯನ್ನು ಜಗತ್ತಿಗೆ ಪರಿಚಯಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು. 1918ರಲ್ಲಿ ಇನ್‌ಫ್ಲುಯೆಂಜಾ ಹರಡಿದ್ದ ಕಾಲದಲ್ಲಿ ಹುಟ್ಟಿ, ಬಾಲ್ಯದಲ್ಲಿ ಕ್ಷಯ, ವಿಷಮಶೀತ ಜ್ವರಗಳಿಂದ ಬಳಲಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿಯಲು ನಿಂತಾಗ ಅವರು ಬಡಕಲು ಹುಡುಗ. ರೋಗಿಷ್ಠ ದೇಹವೆಂದರೆ ಏನೆಂಬುದನ್ನು ಒಳಗಿನಿಂದ ಬಲ್ಲವರು ಅವರು. ಅದಕ್ಕೂ ಶತಮಾನಗಳ ಹಿಂದಿನ ಯೋಗ ಗ್ರಂಥವಾದ ಹಠಯೋಗ ಪ್ರದೀಪಿಕೆಯೇ ಯುವಕನಿರಲಿ, ಮುದುಕನಿರಲಿ, ಅತಿ ವೃದ್ಧನಿರಲಿ, ರೋಗಿಯಿರಲಿ, ದುರ್ಬಲನಿರಲಿ, ಆಲಸ್ಯ ಬಿಟ್ಟು ಅಭ್ಯಾಸ ಮಾಡಿದವನಿಗೆ ಸಿದ್ಧಿಯಿದೆ ಎಂದಿರುವಾಗ, ಮೊಣಕಾಲು ಮಡಚಲಾಗದವರನ್ನು ಹೊರಗಿಡುವ ಅಧಿಕಾರ ಕಲಿಸುವವರಿಗೆ ಎಲ್ಲಿಂದ ಬಂತು?

ಕುರ್ಚಿಯ ಅಂಚಿಗೆ ಕುಳಿತು, ಎರಡೂ ಪಾದಗಳನ್ನು ನೆಲಕ್ಕೆ ಊರಿ, ಹಿಮ್ಮಡಿ ಎತ್ತಿ ಇಳಿಸುವುದರಿಂದ ಶುರುಮಾಡಿದೆವು. ಆಮೇಲೆ ಒಂದೊಂದೇ ಕಾಲನ್ನು ಮುಂದಕ್ಕೆ ಚಾಚಿ, ತೊಡೆಯ ಸ್ನಾಯು ಬಿಗಿಯಾದದ್ದನ್ನು ಕೈಯಿಂದಲೇ ಮುಟ್ಟಿ ನೋಡಿಕೊಳ್ಳುವಂತೆ ಹೇಳಿದೆ. ಮೊಣಕಾಲು ಸವೆದವರಿಗೆ ಆ ಸ್ನಾಯುವಿನ ಬಲವೇ ದೊಡ್ಡ ಆಸರೆ. ಕುರ್ಚಿಯ ಬೆನ್ನು ಹಿಡಿದು ವಕ್ರಾಸನದ ಹಾಗೆ ಪಕ್ಕಕ್ಕೆ ತಿರುಗುವುದು ಎಲ್ಲರಿಗೂ ಹಿಡಿಸಿತು. ಹೆಗಲು ಹಿಡಿದುಕೊಂಡಿದ್ದ ಒಬ್ಬರು ತೋಳು ಎತ್ತಲಾರದೆ ಹಿಂದೆ ಉಳಿದಾಗ, ಅವರನ್ನು ಗೋಡೆಯ ಕಡೆಗೆ ಮುಖಮಾಡಿ ನಿಲ್ಲಿಸಿ, ಬೆರಳುಗಳನ್ನು ಗೋಡೆಯ ಮೇಲೆ ಇರುವೆಯ ಹಾಗೆ ಮೆಲ್ಲಗೆ ಮೇಲೆ ನಡೆಸಲು ಹೇಳಿ, ಬೆರಳು ನಿಂತ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆ.

ತಾಡಾಸನಕ್ಕೆ ಎಲ್ಲರನ್ನೂ ಎಬ್ಬಿಸಿದೆ. ಆಯುಷ್ ಸಚಿವಾಲಯದ ಸಾಮಾನ್ಯ ಯೋಗ ಕ್ರಮದಲ್ಲಿ ನಿಂತು ಮಾಡುವ ಮೊದಲ ಆಸನವಿದು. ನೋಡಲು ಸುಲಭ, ಸರಿಯಾಗಿ ನಿಲ್ಲುವುದು ಕಠಿಣ. ಹುಡುಗಿಯರು ಎದೆ ಮುಂದೆ ಮಾಡಿ ಸೊಂಟ ಕುಗ್ಗಿಸುತ್ತಿದ್ದರು. ಅಜ್ಜಿ ಒಂದು ಕೈಯಿಂದ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು. ಗದ್ದ ತುಸು ಒಳಕ್ಕೆ, ಹೆಗಲು ಕೆಳಕ್ಕೆ, ನಡುನೆತ್ತಿ ನೇರ ಮೇಲಕ್ಕೆ, ಭಾರ ಎರಡೂ ಪಾದಗಳ ಮೇಲೆ ಸಮವಾಗಿ. ನಾನು ತಿದ್ದುವುದಕ್ಕೆ ಏನೂ ಉಳಿದಿರಲಿಲ್ಲ. ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ನಡೆದವರ ಬೆನ್ನು ಅದು. ಉಳಿದವರಿಗೆ, "ಅಜ್ಜಿಯ ತಲೆ ಮೇಲೆ ಬುಟ್ಟಿ ಉಂಟು ಅಂತ ತಿಳ್ಕೊಂಡು ನೋಡಿ," ಎಂದಾಗ ಅವರೆಲ್ಲ ತಮ್ಮಷ್ಟಕ್ಕೇ ನೆಟ್ಟಗಾದರು. ಆ ಹೊರೆ ಅವರ ಕುತ್ತಿಗೆಯನ್ನು ಸವೆಸಿದ್ದೂ ನಿಜ. ಅದಕ್ಕಾಗಿಯೇ ತಲೆಯನ್ನು ಹಿಂದಕ್ಕೆ ಚೆಲ್ಲುವ ಯಾವ ಭಂಗಿಯನ್ನೂ ಆ ಗುಂಪಿಗೆ ನಾನು ಹೇಳಿಕೊಡುವುದಿಲ್ಲ.

ಅಮ್ಮನ ಕೈ ಹಿಡಿದುಕೊಂಡು ಬಂದಿದ್ದ ಕಣ್ಣು ಕಾಣದ ಕಾಲೇಜು ಹುಡುಗಿಯೊಬ್ಬಳು ಮೊದಲ ಸಾಲಿನಲ್ಲಿದ್ದಳು. ಅವಳಿದ್ದ ತರಗತಿಯಲ್ಲಿ "ನೋಡಿ, ಹೀಗೆ" ಎಂಬ ಮಾತಿಗೆ ಅರ್ಥವಿಲ್ಲ. ಬಲಗೈ ಯಾವುದು, ಅಂಗೈ ಯಾವ ಕಡೆಗೆ, ಎಷ್ಟು ಎತ್ತರಕ್ಕೆ, ಉಸಿರು ಆಗ ಒಳಗೋ ಹೊರಗೋ ಎಂದು ಪ್ರತಿಯೊಂದನ್ನೂ ಮಾತಿನಲ್ಲಿ ಹೇಳಬೇಕು. "ಹೆಗಲ ಮೇಲೆ ಕೈ ಇಡಲೇ?" ಎಂದು ಕೇಳಿ, ಅವಳು ಹೂಂ ಎಂದ ಮೇಲೆಯೇ ಮುಟ್ಟಿ ತಿದ್ದಿದೆ. ಒಂಟಿ ಕಾಲಿನಲ್ಲಿ ನಿಲ್ಲುವ ವೃಕ್ಷಾಸನದಲ್ಲಿ ದೃಷ್ಟಿಯನ್ನು ಒಂದು ಬಿಂದುವಿನಲ್ಲಿ ನಿಲ್ಲಿಸಿ ಸಮತೋಲ ಕಾಯುವುದು ವಾಡಿಕೆ. ಅವಳಿಗೆ ಆ ಬಿಂದುವಿನ ಬದಲು ಗೋಡೆಗೆ ತಾಗಿದ ಬೆರಳ ತುದಿಯನ್ನು ಕೊಟ್ಟೆ. ಕಾಲನ್ನು ತೊಡೆಗೆ ಏರಿಸುವ ಬದಲು ಇನ್ನೊಂದು ಪಾದದ ಗಂಟಿಗೆ ಒರಗಿಸಿ, ಹೆಬ್ಬೆರಳು ನೆಲ ಬಿಡದಂತೆ ನಿಂತಳು. ಈ ರೀತಿ ಬಿಡಿಸಿ ಹೇಳಿದ್ದರ ಲಾಭ ಹಿಂದಿನ ಸಾಲಿನವರಿಗೂ ಸಿಕ್ಕಿತು. ಮುಂದಿನವರ ಬೆನ್ನು ಅಡ್ಡ ಬಂದು ನಾನು ಕಾಣಿಸದಿದ್ದರೂ ಅವರ ಕೈಕಾಲು ತಪ್ಪಲಿಲ್ಲ.

ರಕ್ತದೊತ್ತಡ, ಸಕ್ಕರೆ, ಶಸ್ತ್ರಚಿಕಿತ್ಸೆ, ಗರ್ಭ ಇವುಗಳ ವಿಚಾರವನ್ನು ಎಲ್ಲರೆದುರು ಕೈ ಎತ್ತಿಸಿ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಬಂದವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸುವಾಗಲೇ ಕೇಳಿಕೊಂಡಿದ್ದೆ. ಬಿ.ಪಿ. ಇದ್ದವರು ಉಸಿರು ಕಟ್ಟಿ ಹಿಡಿಯಬಾರದು, ಉಸಿರನ್ನು ರಭಸದಿಂದ ಹೊರದಬ್ಬುವ ಕಪಾಲಭಾತಿ ಮಾಡಬಾರದು; ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದವರು ತಲೆ ಕೆಳಗಾಗುವ ಆಸನ ಮಾಡಬಾರದು; ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ಗೋಡೆಯ ಪಕ್ಕದಲ್ಲೇ ನಿಲ್ಲಬೇಕು. ಅವರವರ ಕಿವಿಯಲ್ಲಿ ಹೇಳಿದರೆ ಸಾಕು, ನೆನಪಿಟ್ಟುಕೊಳ್ಳುತ್ತಾರೆ. ಆ ಕೇರಿಯಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ. ಪ್ರಾರ್ಥನೆಯ ಹೊತ್ತಿನಲ್ಲಿ ಒಂದು ನಿಮಿಷ ಕಣ್ಣು ಮುಚ್ಚಿ, ತಮಗೆ ಬೇಕಾದವರನ್ನು ನೆನೆಯಲು ಹೇಳಿದೆ. ಕೊನೆಗೆ ದುಂಬಿಯ ಹಾಗೆ ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿಯಲ್ಲಿ ಎಲ್ಲರ ದನಿಯೂ ಒಂದೇ ಆಯಿತು.

ಮಲಗಲಾಗದವರು ಕುರ್ಚಿಯಲ್ಲೇ ಒರಗಿ ವಿಶ್ರಾಂತಿ ಪಡೆದರು. ತರಗತಿ ಮುಗಿದ ಮೇಲೆ ಯಾರೂ ಮನೆಗೆ ಹೊರಡಲಿಲ್ಲ. ಮಾತೆಲ್ಲ ಆಗಸ್ಟ್ ತಿಂಗಳದ್ದು. ಬೋಟುಗಳು ಕಡಲಿಗಿಳಿದರೆ ಬೆಳಗಿನ ಹೊತ್ತು ಅವರದ್ದಲ್ಲ. ಭಾನುವಾರವಂತೂ ಪೇಟೆಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಸೋಮವಾರ ಮೀನು ಮುಟ್ಟದ ಮನೆಗಳು ನಮ್ಮಲ್ಲಿ ಬಹಳ, ಅಂದು ವ್ಯಾಪಾರ ಸಡಿಲ. ಆಗಸ್ಟಿನಿಂದ ಸೋಮವಾರ ಮಧ್ಯಾಹ್ನ ತರಗತಿಯೆಂದು ಅವರವರೇ ಮಾತಾಡಿ ನಿಶ್ಚಯಿಸಿದರು, ನಾನು ಒಪ್ಪಿಕೊಂಡೆ. ಪೇಟೆಯಲ್ಲಿ ಮಣೆಯ ಮೇಲೆ ಕೂತಲ್ಲೇ ಮಾಡುವಂಥದ್ದು ಏನಾದರೂ ಉಂಟೇ ಎಂದು ಅಜ್ಜಿ ಕೇಳಿದರು. ಹೆಗಲನ್ನು ಕಿವಿಯವರೆಗೆ ಎತ್ತಿ ಬಿಡುವುದು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಾಲು ಮುಂದೆ ಚಾಚಿ ಪಾದ ತಿರುಗಿಸುವುದು, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು, ಇಷ್ಟನ್ನು ತೋರಿಸಿಕೊಟ್ಟು, ಸಾಧ್ಯವಾದರೆ ಆ ಮಣೆಯ ಬದಲು ಎತ್ತರದ ಸ್ಟೂಲು ಮಾಡಿಸಿಕೊಳ್ಳುವಂತೆ ಅವರ ಮಗನಿಗೂ ಹೇಳಿಬಂದೆ.