ಕೊಟ್ಟಿಗೆಯ ಪುಡಿ ಗುಡಿಸುವ ಮೊದಲು

ಶನಿವಾರ ಬೆಳಿಗ್ಗೆ ಮರಗೆಲಸದ ಕೊಟ್ಟಿಗೆಯ ಬಾಗಿಲು ತೆಗೆದ ಕೂಡಲೇ ಪೊರಕೆ ಹಿಡಿಯಬೇಡಿ. ವಾರವಿಡೀ ಮುಚ್ಚಿದ್ದ ಜಾಗಕ್ಕೆ ಯಾರು ಯಾರು ಬಂದಿದ್ದರು ಅನ್ನುವುದು ನೆಲದ ಮೇಲಿನ ಪುಡಿಯಲ್ಲೇ ಇರುತ್ತದೆ. ಹಲಗೆಯ ಅಡಿಯಲ್ಲಿ ಗೋಧಿಹಿಟ್ಟಿನಂಥ ನುಣ್ಣನೆಯ ಪುಡಿ ಗುಪ್ಪೆಯಾಗಿ ಬಿದ್ದು, ಹಲಗೆಯಲ್ಲಿ 1-2 ಮಿ.ಮೀ. ತೂತುಗಳಿದ್ದರೆ ಅದು ಕುಟ್ಟೆಹುಳ. ಗಸಗಸೆಯಂಥ ಗಟ್ಟಿ ಕಾಳುಗಳಾದರೆ ಒಣಮರದ ಒರಲೆ. ತೊಲೆಯ ಕೆಳಗೆ ಒರಟು ಹೊಟ್ಟು, ಮೇಲೆ ಕಿರುಬೆರಳು ಹೋಗುವಷ್ಟು ದುಂಡನೆಯ ತೂತಿದ್ದರೆ ಕಪ್ಪು ದುಂಬಿ. ಗೋಡೆಯ ಮೇಲೆ ಮಣ್ಣಿನ ಗೆರೆ ಎದ್ದಿದ್ದರೆ ನೆಲದಿಂದ ಬಂದ ಒರಲೆ. ಒಂದೊಂದೂ ಬೇರೆ ಬೇರೆ ಕಾರಣಕ್ಕೆ ಬಂದಿರುತ್ತದೆ. ಎಲ್ಲಕ್ಕೂ ಒಂದೇ ವಿಷ ಸಿಂಪಡಿಸಿದರೆ ಹುಳ ತಿನ್ನುವ ಹಲ್ಲಿ, ಜೇಡಗಳೇ ಮೊದಲು ಸಾಯುತ್ತವೆ. ಮರದೊಳಗೆ ಕೂತ ಹುಳಕ್ಕೆ ಏನೂ ಆಗುವುದಿಲ್ಲ.

ಹೆಚ್ಚು ಹಾಳುಮಾಡುವುದು ಕುಟ್ಟೆ. ಅದಕ್ಕೆ ಬೇಕಾದದ್ದು ಮರದ ಬಿಳಿಭಾಗದಲ್ಲಿರುವ ಪಿಷ್ಟ. ಕೆಚ್ಚನ್ನು ಅದು ಮುಟ್ಟುವುದಿಲ್ಲ. ಹಲಸಾಗಲಿ ಸಾಗುವಾನಿಯಾಗಲಿ, ಹಳದಿ ಅಥವಾ ಕಂದು ಕೆಚ್ಚು ಉಳಿದು ಅಂಚಿನ ಬಿಳಿಪಟ್ಟಿ ಮಾತ್ರ ಪುಡಿಯಾಗುವುದು ಇದಕ್ಕೇ. ಮಾವು ಮತ್ತು ರಬ್ಬರ್ ಮರದಲ್ಲಿ ಹಾಗೆ ಬೇರ್ಪಡಿಸಿ ಉಳಿಸಿಕೊಳ್ಳುವಂಥ ಕೆಚ್ಚು ಸಿಗುವುದೇ ಕಡಿಮೆ, ಆದ್ದರಿಂದ ಇಡೀ ಹಲಗೆಯೇ ಅಪಾಯದಲ್ಲಿರುತ್ತದೆ. ಅನುಮಾನವಿದ್ದರೆ ಹೊಸದಾಗಿ ಕೊಯ್ದ ಮುಖದ ಮೇಲೆ ಒಂದು ಹನಿ ಟಿಂಚರ್ ಅಯೋಡಿನ್ ಹಾಕಿ. ಕಪ್ಪು-ನೀಲಿಗೆ ತಿರುಗಿದರೆ ಪಿಷ್ಟ ಇದೆ ಎಂದರ್ಥ. ಬಣ್ಣ ಹಳದಿಯಾಗಿಯೇ ಉಳಿದರೆ ಅಷ್ಟು ಹೆದರಬೇಕಿಲ್ಲ.

ಮದ್ದು ಹಸಿ ಮರಕ್ಕೇ ಹಾಕಬೇಕು. 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬಿಳಿಗಾರ, ಅಂದರೆ ಬೊರಾಕ್ಸ್, ಜೊತೆಗೆ 400 ಗ್ರಾಂ ಬೋರಿಕ್ ಆ್ಯಸಿಡ್. ಬೇರೆ ಬೇರೆಯಾಗಿ ಹಾಕಿದರೆ ಇಷ್ಟು ಕರಗುವುದಿಲ್ಲ, ಎರಡೂ ಸೇರಿದಾಗ ಕರಗುತ್ತವೆ. ಮಿಲ್ಲಿನಿಂದ ಬಂದ ದಿನವೇ ಹಲಗೆಯ ಆರೂ ಮುಖಗಳಿಗೆ ಮೂರು ಸಲ ಬಳಿದು, ಒಂದರ ಮೇಲೊಂದು ಒತ್ತಾಗಿ ಜೋಡಿಸಿ, ಪ್ಲಾಸ್ಟಿಕ್ ಸುತ್ತಿ ಮೂರು ವಾರ ಬಿಡಿ. ಮರದಲ್ಲಿರುವ ನೀರಿನ ಮೂಲಕವೇ ಉಪ್ಪು ಒಳಗೆ ಇಳಿಯುತ್ತದೆ. ಒಣಗಿದ ಹಲಗೆಗೆ ಬಳಿದರೆ ಮೇಲ್ಮೈಯಲ್ಲೇ ನಿಲ್ಲುವುದು, ಆಮೇಲೆ ಕೀಸುಳಿ ಹೊಡೆದಾಗ ಸುರುಳಿಯ ಜೊತೆಗೇ ಮದ್ದೂ ಹೋಗುವುದು ಇದರಿಂದಲೇ. ಮಳೆ ಬೀಳುವ ಜಾಗದ ಮರಕ್ಕೆ ಇದು ಬೇಡ, ತೊಳೆದು ಹೋಗುತ್ತದೆ. ತರಕಾರಿ ಹೆಚ್ಚುವ ಮಣೆ, ಸೌಟುಗಳಿಗಂತೂ ಬೇಡವೇ ಬೇಡ.

ಇನ್ನೊಂದು ಮಾತು. ಕುಟ್ಟೆ ಮೊಟ್ಟೆ ಇಡುವುದು ಮರದ ತೆರೆದ ರಂಧ್ರಗಳಲ್ಲಿ. ಸ್ಟೂಲಿನ ಮೇಲ್ಭಾಗ ಥಳಥಳ ಹೊಳೆಸಿ ಅಡಿಭಾಗಕ್ಕೆ ಏನೂ ಬಳಿಯದೆ ಬಿಡುವ ಅಭ್ಯಾಸ ಹುಳಕ್ಕೆ ಬಾಗಿಲು ತೆಗೆದಿಟ್ಟಂತೆ. ಅಡಿಗೂ ಒಂದು ಕೋಟ್ ಬೇಕು.

ಒರಲೆಗೆ ಮದ್ದಿಗಿಂತ ಜೋಡಣೆ ಮುಖ್ಯ. ಹಲಗೆ ರಾಶಿ ನೆಲದಿಂದ 45 ಸೆಂ.ಮೀ. ಮೇಲೆ, ಗೋಡೆಯಿಂದ 30 ಸೆಂ.ಮೀ. ದೂರ ಇರಲಿ. ಕೆಂಪುಕಲ್ಲಿನ ಮೇಲೆ ತಗಡಿನ ತುಂಡಿಟ್ಟು, ಅದರ ಅಂಚನ್ನು ಕೆಳಗೆ ಬಗ್ಗಿಸಿ, ಅದರ ಮೇಲೆ ಅಡ್ಡಪಟ್ಟಿ ಹಾಕಿ. ತಗಡು ಒರಲೆಯನ್ನು ಪೂರ್ತಿ ತಡೆಯುವುದಿಲ್ಲ, ಆದರೆ ಸುತ್ತು ಹಾಕಿ ಬರುವ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ನೋಡಿ ಒರೆಸಿದರೆ ಸಾಕು. ಮೂಲೆಯಲ್ಲಿ ಗುಡ್ಡೆ ಹಾಕಿದ ಹೊಟ್ಟು ಒರಲೆಗೆ ಹಬ್ಬದೂಟ, ಅದನ್ನು ಆವತ್ತೇ ಹೊರಗೆ ಹಾಕಿ. ಜಂತಿ, ಕಂಬಗಳಿಗೆ ನಮ್ಮ ಕಡೆಯ ಹಳೇ ಪದ್ಧತಿಯಂತೆ ಗೇರೆಣ್ಣೆ ಬಳಿಯಬಹುದು. ಚರ್ಮ ಸುಟ್ಟು ಬೊಬ್ಬೆ ಬರುವಷ್ಟು ಖಾರ ಅದು, ಕೈಗವಸು ಇಲ್ಲದೆ ಡಬ್ಬದ ಮುಚ್ಚಳವನ್ನೂ ಮುಟ್ಟಬಾರದು.

ಅದೇ 45 ಸೆಂ.ಮೀ. ಎತ್ತರ ಹಾವಿನ ವಿಷಯದಲ್ಲೂ ಉಪಯೋಗಕ್ಕೆ ಬರುತ್ತದೆ, ರಾಶಿಯಡಿಗೆ ಟಾರ್ಚ್ ಬಿಟ್ಟು ನೋಡಬಹುದು. ಹಾವು ಬರುವುದು ಇಲಿಯ ಹಿಂದೆ. ಇಲಿ ಬರುವುದು ಪಕ್ಕದಲ್ಲೇ ಇಟ್ಟ ಭತ್ತ, ಹಿಂಡಿ ಚೀಲಗಳಿಗೆ. ಚೀಲ ಬೇರೆ ಕಡೆ ಹೋದರೆ ಅರ್ಧ ಕೆಲಸ ಆಯಿತು. ಬಾಗಿಲಡಿಯ ಸಂದು 6 ಮಿ.ಮೀ.ಗಿಂತ ಹೆಚ್ಚಿದ್ದರೆ ರಬ್ಬರ್ ಪಟ್ಟಿ ಹೊಡೆಯಿರಿ, ಕಿಂಡಿಗಳಿಗೂ ಅದೇ ಅಳತೆಯ ಜಾಲರಿ. ಹಲಗೆ ಎಳೆಯುವ ಮೊದಲು ಕೋಲಿನಿಂದ ತಟ್ಟಿ, ತುದಿಯನ್ನು ಕೋಲಿನಿಂದಲೇ ಎತ್ತಿ ನೋಡಿ. ಕೇರೆ ಇದ್ದರೆ ಬಾಗಿಲು ತೆರೆದಿಟ್ಟು ಹೊರಗೆ ನಿಲ್ಲಿ, ಅದಾಗಿಯೇ ಹೋಗುತ್ತದೆ. ಗುರುತು ಸಿಗದ ಹಾವಾದರೆ ಆ ದಿನದ ಕೆಲಸ ಬಿಟ್ಟು, ಅರಣ್ಯ ಇಲಾಖೆಗೋ ಹಾವು ಹಿಡಿಯಲು ಬಲ್ಲವರಿಗೋ ತಿಳಿಸಿ. ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು, ಮಲೆನಾಡಿನ ಗುಳಿಮಂಡಲಗಳಿಗಲ್ಲ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೋಗಬೇಕು.

ಪಾಲಿಶ್ ಮಾಡುವವರು ಮಳೆ ನಕ್ಷತ್ರ ನೋಡಿಕೊಳ್ಳುವುದು ಒಳ್ಳೆಯದು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಈಸಲು ಏಳುತ್ತವೆ, ದೀಪ ಕಂಡಲ್ಲಿ ಮುತ್ತುತ್ತವೆ. ಒದ್ದೆ ವಾರ್ನಿಶ್ ಮೇಲೆ ಉದುರಿದ ರೆಕ್ಕೆಗಳನ್ನು ಆಗಲೇ ಕೀಳಲು ಹೋದರೆ ಇಡೀ ಮೇಲ್ಮೈ ಹಾಳು. ಪೂರ್ತಿ ಒಣಗಲು ಬಿಟ್ಟು, 320 ನಂಬರಿನ ಕಾಗದದಿಂದ ಉಜ್ಜಿ, ಮತ್ತೊಂದು ಕೋಟ್ ಕೊಡಬೇಕು. ಅರಗಿನ ಪಾಲಿಶ್ ಬೇಗ ಒಣಗುವುದರಿಂದ ಹುಳದ ಕಾಟ ಕಡಿಮೆ. ಆದರೆ ಆರಿದ್ರಾ ಮಳೆ ಹಿಡಿದ ಮೇಲೆ ಅದಕ್ಕೆ ಬಿಳಿ ಮಂಜು ಕೂರುತ್ತದೆ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ನೀರಾಗುವುದು ಕಾರಣ. ಬಿಸಿಲು ಬಂದ ದಿನ ಸ್ಪಿರಿಟ್ ಸವರಿದ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ.

ಕುಂಬಾರಹುಳ ಬೇರೆ ತರಹದ ಅತಿಥಿ. ಡ್ರಿಲ್, ಸ್ಯಾಂಡರುಗಳ ಗಾಳಿಕಿಂಡಿ ಅದಕ್ಕೆ ಅಳತೆ ಮಾಡಿಸಿದ ಮನೆ. ಮಣ್ಣು ಮೆತ್ತಿ ಜೇಡ ಇಲ್ಲವೇ ಕಂಬಳಿಹುಳ ತುಂಬಿ ಮುಚ್ಚಿಬಿಡುತ್ತದೆ. ಹಾಗೇ ಚಾಲೂ ಮಾಡಿದರೆ ಗಾಳಿಯಾಡದೆ ಮೋಟಾರು ಸುಡುತ್ತದೆ. ಪ್ಲಗ್ ಕಿತ್ತು, ಮಣ್ಣನ್ನು ಕಡ್ಡಿಯಿಂದ ಹೊರಮುಖವಾಗಿ ಎಬ್ಬಿಸಿ. ಗಾಳಿ ಊದಿದರೆ ಚೂರುಗಳು ಸುರುಳಿಯೊಳಗೆ ಸೇರುತ್ತವೆ. ಭಾನುವಾರ ಸಂಜೆ ಯಂತ್ರಗಳಿಗೆ ಬಟ್ಟೆ ಚೀಲ ತೊಡಿಸಿಟ್ಟರೆ ಈ ತೊಂದರೆಯೇ ಇಲ್ಲ.

ಕಪ್ಪು ದುಂಬಿಯನ್ನು ಮಾತ್ರ ದಯವಿಟ್ಟು ಕೊಲ್ಲಬೇಡಿ. ತೊಗರಿ, ಪ್ಯಾಶನ್ ಹಣ್ಣಿನ ಹೂವುಗಳಿಗೆ ಪರಾಗ ಮುಟ್ಟಿಸುವುದು ಅದೇ. ಬಣ್ಣ ಕಾಣದ ಒಣಮರ, ಬಿದಿರು ಅದಕ್ಕೆ ಇಷ್ಟ. 12-15 ಮಿ.ಮೀ. ಒಳಗಂಡಿಯ ಬಿದಿರನ್ನು ಒಂದು ಗಿಣ್ಣು ಉಳಿಯುವಂತೆ 20 ಸೆಂ.ಮೀ. ಉದ್ದ ಕೊಯ್ದು, ಕಟ್ಟಿ, ಬಿಸಿಲು ಬೀಳುವ ಸೂರಿನಡಿ ಅಡ್ಡವಾಗಿ ತೂಗುಹಾಕಿ. ತೊಲೆಯ ಹಳೆಯ ತೂತಿಗೆ ಸಂಜೆ ಒಂದು ತೆಳು ಕಾಗದ ಅಂಟಿಸಿ. ಮರುದಿನ ಹರಿದಿದ್ದರೆ ಒಳಗೆ ವಾಸ ಇದೆ, ಆಗ ಮುಚ್ಚಿದರೆ ಅದು ಪಕ್ಕದಲ್ಲೇ ಇನ್ನೊಂದು ಕೊರೆದುಕೊಂಡು ಹೊರಬರುತ್ತದೆ. ಕಾಗದ ಮೂರು-ನಾಲ್ಕು ವಾರ ಹರಿಯದೇ ಉಳಿದ ಮೇಲೆ ಅಂಟು ಸವರಿದ ಮರದ ಬೆಣೆ ಬಡಿದು, ಮಟ್ಟ ಮಾಡಿ, ಬಣ್ಣ ಬಳಿಯಿರಿ.