ಬೆವರಬಾರದ ಓಟ

ನಮ್ಮ ಭಾವ ಬೆಂಗಳೂರಿನ ಹೊರವಲಯದಲ್ಲಿ ಒಂದು ಐಸ್‌ಕ್ರೀಮ್ ಗೋಡೌನ್ ನೋಡಿಕೊಳ್ಳುತ್ತಾರೆ. ಅಲ್ಲಿಯ ಕೋಲ್ಡ್ ರೂಮಿನಲ್ಲಿ ಸದಾ ಮೈನಸ್ 18 ಡಿಗ್ರಿ. ಜನವರಿಯ ಒಂದು ಭಾನುವಾರ ನಾನು ಅದರೊಳಗೆ, ಬಟರ್‌ಸ್ಕಾಚ್ ಡಬ್ಬಗಳ ಮಧ್ಯೆ, ನಿಂತಲ್ಲೇ ಓಡುತ್ತಿದ್ದೆ. ಬಾಗಿಲ ಹತ್ತಿರ ಭಾವ ವಾಚು ನೋಡುತ್ತಾ ನಿಂತಿದ್ದರು. ಹದಿನೈದು ನಿಮಿಷ, ಅಷ್ಟೇ ಅಂತ ಮೊದಲೇ ಹೇಳಿಬಿಟ್ಟಿದ್ದರು.

ಹತ್ತನೇ ನಿಮಿಷಕ್ಕೆ ಬೆರಳುಗಳು ಮರಗಟ್ಟಿದವು. ಗ್ಲೌಸಿನ ಚೀಟಿಯಲ್ಲಿ ಮೈನಸ್ 20ಕ್ಕೂ ಆಗುತ್ತೆ ಅಂತ ಬರೆದಿತ್ತು. ಅದನ್ನು ನಂಬಿ ಎರಡು ಸಾವಿರ ಕೊಟ್ಟಿದ್ದೆ. ಹೊರಗೆ ಬಂದಾಗ ಭಾವ ನನ್ನ ಕೈ ಮುಟ್ಟಿ ನೋಡಿ, "ನಮ್ಮ ಲೋಡಿಂಗ್ ಹುಡುಗರದ್ದೇ ಒಂದು ಜೊತೆ ತಗೊಂಡು ಹೋಗಪ್ಪಾ," ಅಂದರು. ನಾನು ಬೆನ್ನು ಮುಟ್ಟಿಕೊಂಡೆ. ವಿಚಿತ್ರ ಅಂದರೆ ಬೆನ್ನೆಲ್ಲ ಬೆವರು. ಕೈ ಐಸು, ಬೆನ್ನು ಒದ್ದೆ. ಏನೋ ತಪ್ಪಾಗಿದೆ ಅಂತ ಅಲ್ಲೇ ಗೊತ್ತಾಗಬೇಕಿತ್ತು. ಆಗಲಿಲ್ಲ.

ನಾನು ಹೆಸರು ಕೊಟ್ಟಿದ್ದು ಲಡಾಖಿನ ಪಾಂಗಾಂಗ್ ಸರೋವರದ ಹಾಫ್ ಮ್ಯಾರಥಾನಿಗೆ. ಸರೋವರದ ಪಕ್ಕದಲ್ಲಿ ಅಲ್ಲ, ಸರೋವರದ ಮೇಲೆ. ಅದರ ನೀರು ಉಪ್ಪುಪ್ಪು. ಆದರೂ ಚಳಿಗಾಲದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. 2023ರ ಫೆಬ್ರವರಿ 20ರಂದು ಅಲ್ಲಿ ಮೊದಲ ಸಲ ಓಡಿದವರು 75 ಮಂದಿ. ಲುಕುಂಗ್‌ನಿಂದ ಮಾನ್ ಅನ್ನುವ ಹಳ್ಳಿವರೆಗೆ 21 ಕಿಲೋಮೀಟರ್, 13,862 ಅಡಿ ಎತ್ತರದಲ್ಲಿ. ಅಷ್ಟು ಎತ್ತರದ ಹೆಪ್ಪುಗಟ್ಟಿದ ಸರೋವರದ ಮೇಲೆ ಹಾಫ್ ಮ್ಯಾರಥಾನ್ ಅಂತ ಗಿನ್ನೆಸ್ ದಾಖಲೆಗೂ ಸೇರಿತು. ಅದಕ್ಕೆ ಆಯೋಜಕರು ಇಟ್ಟ ಹೆಸರು 'ಲಾಸ್ಟ್ ರನ್'. ಭೂಮಿ ಹೀಗೇ ಬಿಸಿಯಾಗುತ್ತಾ ಹೋದರೆ ಮುಂದೆ ಓಡಲು ಮಂಜುಗಡ್ಡೆ ಇರುತ್ತೋ ಇಲ್ಲವೋ ಅನ್ನುವುದನ್ನು ನೆನಪಿಸೋಕೆ.

ಬೆಂಗಳೂರಿನಲ್ಲಿ ತಯಾರಿ ಅಂದರೆ ಏನು ಮಾಡುವುದು? ನಂದಿಬೆಟ್ಟ ಹತ್ತಿದೆ. ಅದೇ ನಮಗೆ ದೊಡ್ಡದು, 1,478 ಮೀಟರ್. ಹೊರಡುವ ಹಿಂದಿನ ವಾರ ಬೆಳಗಿನ ಜಾವ ಕಬ್ಬನ್ ಪಾರ್ಕಿನಲ್ಲಿ 16 ಡಿಗ್ರಿ ಇತ್ತು. ಜನ ಸ್ವೆಟರ್ ಹಾಕಿಕೊಂಡು ವಾಕಿಂಗ್ ಮಾಡುತ್ತಿದ್ದರು. ನಾನು ಒಂದರ ಮೇಲೊಂದು ಮೂರು ಅಂಗಿ ಹಾಕಿ ಓಡಿ, ಒದ್ದೆ ಬೆಕ್ಕಿನ ಹಾಗೆ ಮನೆಗೆ ಬಂದು, ಒಳ್ಳೆ ಪ್ರಾಕ್ಟೀಸ್ ಆಯ್ತು ಅಂದುಕೊಂಡೆ.

ಅಮ್ಮ ಬ್ಯಾಗಿಗೆ ಮಂಕಿ ಕ್ಯಾಪ್, ರಾಗಿ ಹುರಿಹಿಟ್ಟು, ಮೈಗೆ ಹಚ್ಚಿಕೊಳ್ಳೋಕೆ ಅಂತ ಕೊಬ್ಬರಿ ಎಣ್ಣೆ ಹಾಕಿಕೊಟ್ಟರು. ದೆಹಲಿ ಮೂಲಕ ಲೇಹ್‌ಗೆ ಹೋಗಿ ಬ್ಯಾಗ್ ತೆಗೆದರೆ ಎಣ್ಣೆ ಬಿಳಿ ಕಲ್ಲು. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಗಟ್ಟಿಯಾಗುವ ಪದಾರ್ಥ, ನಾನಿದ್ದ ಕೋಣೆಯಲ್ಲಿ ರಾತ್ರಿ ಲೋಟದ ನೀರೇ ಹೆಪ್ಪುಗಟ್ಟುತ್ತಿತ್ತು. ನಲ್ಲಿಗಳನ್ನೆಲ್ಲ ಖಾಲಿ ಮಾಡಿಟ್ಟಿದ್ದರು, ಇಲ್ಲದಿದ್ದರೆ ಪೈಪ್ ಒಡೆಯುತ್ತದಂತೆ. ಸ್ನಾನ ಅಂದರೆ ಅರ್ಧ ಬಕೆಟ್ ಬಿಸಿನೀರು, ಅದೂ ಎರಡು ದಿನಕ್ಕೊಮ್ಮೆ.

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಮೊದಲ ಎರಡು ದಿನ ಓಡುವುದು ಇರಲಿ, ಮೆಟ್ಟಿಲು ಹತ್ತಿದರೇ ಉಸಿರು ಸಿಗುತ್ತಿರಲಿಲ್ಲ. ತಲೆನೋವು. ಊಟ ಸೇರದು. ನಾನಿದ್ದ ಮನೆಯ ಯಜಮಾನಿಯನ್ನು ಎಲ್ಲರೂ ಆಮಾ-ಲೆ ಅನ್ನುತ್ತಿದ್ದರು. ಅಮ್ಮ ಅಂತಲೇ ಅರ್ಥ, ಆ 'ಲೆ' ಗೌರವಕ್ಕೆ, ನಮ್ಮ 'ಅವರೇ' ಇದ್ದ ಹಾಗೆ. ಅವರು ಅಡುಗೆಮನೆಯ ಬುಖಾರಿ, ಅಂದರೆ ಕೋಣೆ ಬೆಚ್ಚಗಿಡುವ ಒಲೆ, ಅದರ ಪಕ್ಕ ಕೂರಿಸಿ ಮೇಲಿಂದ ಮೇಲೆ ಉಪ್ಪು-ಬೆಣ್ಣೆ ಚಹಾ ಕುಡಿಸಿದರು. ಒಣ ಗಾಳಿಯಲ್ಲಿ ಏದುಸಿರು ಬಿಡುತ್ತಾ ಮೈಯ ನೀರು ಹೋಗುತ್ತಲೇ ಇರುತ್ತದೆ, ಬಾಯಾರಿಕೆ ಮಾತ್ರ ಆಗುವುದಿಲ್ಲ. ಅದಕ್ಕೇ ಕೇಳದೆ ಕುಡಿಸುವುದು. ನಾನು ಹುರಿಹಿಟ್ಟಿನ ಡಬ್ಬ ತೋರಿಸಿದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಆಮಾ-ಲೆ ನಕ್ಕರು, ಒಳಗಿಂದ ತಮ್ಮ ಡಬ್ಬ ತಂದರು. ಹುರಿದ ಬಾರ್ಲಿ ಹಿಟ್ಟು, ತ್ಸಂಪಾ. ಬಣ್ಣ ಬೇರೆ, ಘಮ ಹೆಚ್ಚು ಕಡಿಮೆ ಅದೇ. ಅವರು ಅದನ್ನು ಚಹಾದಲ್ಲಿ ಕಲಸಿ ಉಂಡೆ ಕಟ್ಟುತ್ತಾರೆ. ನಾವು ಬೆಲ್ಲ, ಹಾಲು. ಅವತ್ತಿನಿಂದ ನನ್ನ ಬೆಳಗಿನ ತಿಂಡಿ ಎರಡೂ ಸೇರಿಸಿ.

ಮೂರನೇ ದಿನ ಓಡೋಕೆ ಹೊರಟೆ. ತಂದ ಬಟ್ಟೆಯನ್ನೆಲ್ಲ ಹಾಕಿಕೊಂಡಿದ್ದೆ. ಉಣ್ಣೆ ಬನಿಯನ್, ಅದರ ಮೇಲೆ ಹತ್ತಿಯ ಟೀ ಶರ್ಟ್, ಫ್ಲೀಸ್, ದಪ್ಪ ಜಾಕೆಟ್, ಮೇಲೆ ಅಮ್ಮನ ಮಂಕಿ ಕ್ಯಾಪ್. ಎರಡು ಕಿಲೋಮೀಟರ್ ಚೆನ್ನಾಗಿಯೇ ಹೋಯಿತು. ಬೆಚ್ಚಗಿತ್ತು, ಬೆವರುತ್ತಿತ್ತು, ಖುಷಿಯಾಗಿದ್ದೆ. ಒಂದು ಕಡೆ ಹುಡುಗರು ಐಸ್ ಮೇಲೆ ಹಾಕಿ ಆಟ ಆಡುತ್ತಿದ್ದರು. ಲೇಹ್‌ನಲ್ಲಿ ಚಳಿಗಾಲ ಅಂದರೆ ಐಸ್ ಹಾಕಿ, ನಮ್ಮಲ್ಲಿ ಗಲ್ಲಿ ಕ್ರಿಕೆಟ್ ಹೇಗೋ ಹಾಗೆ. ಸುಮ್ನೆ ನೋಡುತ್ತಾ ಹತ್ತು ನಿಮಿಷ ನಿಂತೆ.

ಅಷ್ಟೇ ಸಾಕಾಯಿತು. ಹತ್ತಿಯ ಶರ್ಟು ಕುಡಿದಿದ್ದ ಬೆವರೆಲ್ಲ ತಣ್ಣಗಾಗಿ ಒದ್ದೆ ಗೋಣಿಚೀಲ ಹೊದ್ದ ಹಾಗಾಯಿತು. ಹಲ್ಲು ಕಟಕಟ. ಮಂಕಿ ಕ್ಯಾಪಿನಲ್ಲಿ ಬಾಯಿ ಮುಂದಿನ ಉಣ್ಣೆ ಉಸಿರಿಗೆ ನೆನೆದು ಹಲಗೆಯಾಗಿತ್ತು. ಮನೆಗೆ ಬಂದು ಬುಖಾರಿ ಮುಂದೆ ಅರ್ಧ ಗಂಟೆ ಕೂತರೂ ನಡುಕ ನಿಲ್ಲಲಿಲ್ಲ.

ಆಮಾ-ಲೆಯ ಮಗ ಡ್ರೈವರ್, ಚಳಿಗಾಲದಲ್ಲೂ ಗಾಡಿ ಓಡಿಸುವ ಮನುಷ್ಯ. ಅವರನ್ನು ನಾನು ಅಚೋ-ಲೆ, ಅಂದರೆ ಅಣ್ಣ, ಅಂತ ಕರೆಯುತ್ತಿದ್ದೆ. ಅವರು ಜಾಕೆಟ್ಟಿನ ಒಳಗೆ ಕೈ ಹಾಕಿ ನೋಡಿ ಹಿಂದಿಯಲ್ಲಿ ಹೇಳಿದ್ದು ಇಷ್ಟು: "ನಿಮ್ಮನ್ನು ಚಳಿ ಕೆಡಿಸಲಿಲ್ಲ, ಬೆವರು ಕೆಡಿಸಿತು. ಹೊರಡುವಾಗ ಚಳಿ ಆಗಬೇಕು. ಆಗದಿದ್ದರೆ ಬಟ್ಟೆ ಜಾಸ್ತಿ ಆಗಿದೆ ಅಂತ."

ರಾತ್ರಿ ಫೋನಿನಲ್ಲಿ ಅಮ್ಮನಿಗೆ ಇದನ್ನೇ ಹೇಳಿದೆ. "ಅಲ್ಲ ಕಣೋ, ಬೆವರಬಾರದು ಅಂದ್ರೆ ಓಡೋದು ಯಾತಕ್ಕೆ?" ಅಂದರು. ನನಗೂ ಉತ್ತರ ಗೊತ್ತಿರಲಿಲ್ಲ. ಹದಿನೆಂಟು ವರ್ಷದಿಂದ ಓಡುತ್ತಿದ್ದೇನೆ. ಟೀ ಶರ್ಟ್ ಹಿಂಡಿದರೆ ನೀರು ಬರಬೇಕು, ಆಗಲೇ ಓಡಿದ ಹಾಗೆ ಅನ್ನುವುದು ನಮ್ಮ ಗುಂಪಿನ ಲೆಕ್ಕ.

ಉಳಿದ ದಿನ ನಿಧಾನವಾಗಿ ಓಡುವುದನ್ನು ಕಲಿತೆ. ನಗಬೇಡಿ, ಅದು ಕಷ್ಟ. ಬೆನ್ನು ಬಿಸಿಯಾಯಿತು ಅನ್ನಿಸಿದ ಕೂಡಲೇ ಜಿಪ್ ಇಳಿಸಬೇಕು, ಆಮೇಲೂ ಬಿಸಿ ಅನ್ನಿಸಿದರೆ ನಡೆಯಬೇಕು. ಹತ್ತಿ ಬಟ್ಟೆಯನ್ನು ಬ್ಯಾಗಿನ ತಳಕ್ಕೆ ಹಾಕಿದೆ. ಉಣ್ಣೆ ಬನಿಯನ್, ತೆಳು ಫ್ಲೀಸ್, ಗಾಳಿ ತಡೆಯುವ ಜಾಕೆಟ್, ಮೂರೇ. ದಪ್ಪ ಜಾಕೆಟ್ ನಿಲ್ಲುವಾಗಷ್ಟೇ. ಎರಡು ಸಾವಿರದ ಗ್ಲೌಸ್ ಬಿಟ್ಟು ಲೇಹ್ ಮಾರ್ಕೆಟ್ಟಿನಲ್ಲಿ ಚೀಲದಂಥ ಗವಸು ಕೊಂಡೆ. ಅದರಲ್ಲಿ ನಾಲ್ಕು ಬೆರಳೂ ಒಂದೇ ಮನೆಯಲ್ಲಿದ್ದು ಒಂದನ್ನೊಂದು ಬೆಚ್ಚಗಿಟ್ಟುಕೊಳ್ಳುತ್ತವೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಬೇಕು ಅಂತ ಅಚೋ-ಲೆ ಹೇಳಿಕೊಟ್ಟರು. ನೀರು ಮೇಲಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ಕೊನೆಗೆ ಗಟ್ಟಿಯಾಗುತ್ತದೆ. ಇದನ್ನು ಶಾಲೆಯಲ್ಲಿ ಓದಿದ್ದೆ, ಕೆಲಸಕ್ಕೆ ಬಂದಿದ್ದು ಈಗ.

ಏಳನೇ ದಿನ ಪಾಂಗಾಂಗ್‌ಗೆ ಹೊರಟೆವು. ಕಾರು, ಸಕ್ತಿ ದಾಟಿ ಚಾಂಗ್ ಲಾ ಹತ್ತಿದೆವು. (ಕಾರು ಅನ್ನುವುದು ಊರಿನ ಹೆಸರು, ಗಾಡಿಯದಲ್ಲ.) 5,300 ಮೀಟರಿಗಿಂತ ಎತ್ತರದ ಆ ಕಣಿವೆದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಚಕ್ರಕ್ಕೆ ಸರಪಳಿ ಕಟ್ಟಿಸಿಕೊಂಡು ಇಳಿದೆವು. ತಾಂಗ್ತ್ಸೆ ಆದ ಮೇಲೆ ಒಂದು ತಿರುವಿನಲ್ಲಿ ಸರೋವರ ಕಾಣಿಸಿತು. ಫೋಟೋಗಳಲ್ಲಿ ನೋಡಿದ ಆ ನೀಲಿ ಎಲ್ಲೂ ಇಲ್ಲ. ಬಿಳಿ ಬಯಲು, ಅಲ್ಲಲ್ಲಿ ಗಾಳಿ ಹಿಮ ಗುಡಿಸಿದ ಕಡೆ ಕಪ್ಪು ಗಾಜು.

ಆ ರಾತ್ರಿ ನಿದ್ದೆ ಬರಲಿಲ್ಲ. ಸರೋವರ ಸದ್ದು ಮಾಡುತ್ತಿತ್ತು. ಚಳಿ ಏರಿ ಮಂಜುಗಡ್ಡೆ ಬಿಗಿದುಕೊಳ್ಳುವಾಗ ಬರುವ ಸದ್ದು, ದೂರದಲ್ಲಿ ಯಾರೋ ದೊಡ್ಡ ತಗಡು ಬಗ್ಗಿಸಿದ ಹಾಗೆ. ಹಾಗೆ ಕೂಗಿದರೆ ಗಟ್ಟಿಯಾಗಿದೆ ಅಂತ, ಹೆದರಬೇಡಿ ಅಂದರು ಅಚೋ-ಲೆ. ಫೋನ್ ದಿಂಬಿನ ಕೆಳಗಿತ್ತು, ಆದರೂ ಬೆಳಗ್ಗೆ ಚಾರ್ಜ್ ಸೊನ್ನೆ. ಬೂಟನ್ನು ಮಾತ್ರ ಮಲಗುವ ಚೀಲದೊಳಗೆ ಹಾಕಿಕೊಂಡು ಬಚಾವಾದೆ.

ಬೆಳಗ್ಗೆ ಡಾಕ್ಟರು ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿ, ಹೂಂ ಅಂದರು. ಕೆನ್ನೆ, ಮೂಗಿಗೆ ದಪ್ಪಗೆ ವ್ಯಾಸಲಿನ್ ಬಳಿದುಕೊಂಡೆ. ಕೊಬ್ಬರಿ ಎಣ್ಣೆಯನ್ನು ಚಮಚದಲ್ಲಿ ಕೆರೆದು ಹಿಮ್ಮಡಿಗೆ ಹಚ್ಚಿದೆ, ಅಮ್ಮನ ಸಮಾಧಾನಕ್ಕೆ. ಬೂಟಿಗೆ ಮೊಳೆಗಳಿರುವ ರಬ್ಬರ್ ಪಟ್ಟಿ ಸಿಕ್ಕಿಸಿದೆ. ಲುಕುಂಗ್ ದಡದಲ್ಲಿ ದಪ್ಪ ಜಾಕೆಟ್ ಬಿಚ್ಚಿ ಅಚೋ-ಲೆಗೆ ಕೊಟ್ಟಾಗ ಜೀವ ಹೋದ ಹಾಗಾಯಿತು. ಮೂಗಿನ ಕೂದಲು ಮುಳ್ಳಿನಂತೆ ನಿಂತಿತ್ತು.

"ಚಳಿ ಆಗ್ತಿದೆಯಾ?" ಅಂದರು.

"ಸಿಕ್ಕಾಪಟ್ಟೆ."

"ಸರಿ ಹಾಗಾದ್ರೆ, ಹೋಗಿ."

ಓಟದ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಹಿಮ ಇದ್ದ ಕಡೆ ಕಾಲು ಹಿಡಿಯಿತು, ಕಪ್ಪು ಗಾಜಿನ ಮೇಲೆ ಹೆಜ್ಜೆ ಎಣಿಸಿದೆ. ಅಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಸುಮಾರು ಶೇಕಡಾ 60 ಮಾತ್ರ, ಹಾಗಾಗಿ ವೇಗದ ಆಸೆ ತಾನಾಗಿಯೇ ಹೋಗುತ್ತದೆ. ಎಂಟು ಸಲ ಜಿಪ್ ಇಳಿಸಿದೆ, ಏರಿಸಿದೆ. ಸ್ಪಾಂಗ್ಮಿಕ್ ದಾಟಿದ ಮೇಲೆ ಎದುರುಗಾಳಿ ಎದ್ದಿತು. ಅಲ್ಲಿಂದ ಹೆಚ್ಚು ನಡೆದೆ, ಕಡಿಮೆ ಓಡಿದೆ. ಬೆಂಗಳೂರಿನಲ್ಲಿ ಎರಡು ಗಂಟೆಯೊಳಗೆ ಮುಗಿಸುವ ದೂರಕ್ಕೆ ಮೂರು ಗಂಟೆ ನಲವತ್ತು ನಿಮಿಷ.

ಮಾನ್‌ನಲ್ಲಿ ದಡ ಹತ್ತಿದ ಕೂಡಲೇ ಯಾರೋ ಕಂಬಳಿ ಹೊದಿಸಿದರು, ಕೈಗೆ ಬಿಸಿ ಚಹಾ ಕೊಟ್ಟರು. ಅಚೋ-ಲೆ ಗಾಡಿಯಲ್ಲಿ ಮೊದಲೇ ಬಂದಿದ್ದರು. ಸಮಯ ಎಷ್ಟಾಯಿತು ಅಂತ ಕೇಳಲಿಲ್ಲ. ಹಿಂದಿನಿಂದ ಬಂದು ಕಾಲರಿನೊಳಗೆ ಕೈ ಹಾಕಿ ಬೆನ್ನು ಮುಟ್ಟಿ ನೋಡಿದರು.

"ಒಣಗಿದೆ," ಅಂದರು.

ಕಂಕುಳಲ್ಲಿ ಸ್ವಲ್ಪ ಒದ್ದೆಯಿತ್ತು. ನಾನು ಹೇಳಲಿಲ್ಲ.